ನಾಸ್‌ನ ‘ಇಲ್‌ಮ್ಯಾಟಿಕ್’: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಆಲ್ಬಂ? ಒಂದೆರಡು ಸಾಲಿನಲ್ಲಿ ಹೇಳಿ.

ನ್ಯೂಯಾರ್ಕಿನ ರ‍್ಯಾಪರ್ ನಾಸ್‌ನ ಮೊದಲ ಆಲ್ಬಂ. 1994ರ ಏಪ್ರಿಲ್ 19ರಂದು ಕೊಲಂಬಿಯಾ ರೆಕಾರ್ಡ್ಸ್ ಇದನ್ನು ಹೊರತಂದಿತು. ಶುರುವಿಗೆ ಒಂದು ಚಿಕ್ಕ ತುಣುಕು, ಆಮೇಲೆ ಒಂಬತ್ತು ಹಾಡು. ಒಟ್ಟು ಸುಮಾರು 40 ನಿಮಿಷ. ಹಿಪ್ ಹಾಪ್ ಕೇಳುವವರು ಜಗಳ ಇಲ್ಲದೆ ಒಪ್ಪುವ ವಿಷಯಗಳು ಬಹಳ ಕಡಿಮೆ. ಒಳ್ಳೆಯ ಆಲ್ಬಂಗಳ ಪಟ್ಟಿ ಯಾರೇ ಮಾಡಲಿ, ಇದಕ್ಕೆ ಅದರಲ್ಲಿ ಜಾಗ ಇರಲೇಬೇಕು ಅನ್ನೋದು ಅಂಥ ಒಂದು ವಿಷಯ.

ನಾಸ್ ಯಾರು?

ಪೂರ್ತಿ ಹೆಸರು ನಾಸಿರ್ ಜೋನ್ಸ್. ಹುಟ್ಟಿದ್ದು 1973ರಲ್ಲಿ, ಬ್ರೂಕ್ಲಿನ್‌ನಲ್ಲಿ. ಬೆಳೆದದ್ದು ಕ್ವೀನ್ಸ್‌ಬ್ರಿಜ್‌ನಲ್ಲಿ. ಈಗ ಅವರಿಗೆ 50 ದಾಟಿದೆ. ಆದರೆ ಇಲ್ಲಿ ಹೇಳುತ್ತಿರುವುದು 20ರ ಹುಡುಗನ ಕಥೆ, ಹಾಗಾಗಿ ಏಕವಚನದಲ್ಲೇ ಮುಂದುವರಿಸುತ್ತೇನೆ.

ಅಪ್ಪ ಓಲು ದಾರಾ ಜಾಝ್ ಕಲಾವಿದರು, ತುತ್ತೂರಿಯಂಥ ಕಾರ್ನೆಟ್ ನುಡಿಸುವವರು. ಮಿಸಿಸಿಪ್ಪಿಯ ನ್ಯಾಚೆಝ್ ಕಡೆಯವರು. ಅಮ್ಮನ ಹೆಸರು ಫ್ಯಾನಿ ಆನ್. ಅಪ್ಪ-ಅಮ್ಮ ಬೇರೆಯಾದ ಮೇಲೆ ಇಬ್ಬರು ಗಂಡುಮಕ್ಕಳನ್ನು ಸಾಕಿದವರು ಅಮ್ಮ. ನಾಸ್ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ. ಹಾಗಂತ ಓದು ಗೊತ್ತಿಲ್ಲದವನು ಅಂದುಕೊಳ್ಳಬೇಡಿ. ಮನೆಯಲ್ಲಿ ಅಪ್ಪನ ಪುಸ್ತಕಗಳಿದ್ದವು, ರೆಕಾರ್ಡುಗಳಿದ್ದವು. ಅದೇ ಅವನ ಶಾಲೆ.

ಅದೇ ಕಟ್ಟಡದ ಮೇಲಿನ ಮನೆಯಲ್ಲಿ ಜೀವದ ಗೆಳೆಯ ವಿಲ್ಲಿ ಗ್ರಹಾಂ ಇದ್ದ. ಎಲ್ಲರೂ ‘ಇಲ್ ವಿಲ್’ ಅಂತಿದ್ದರು. ಅವನ ಹತ್ತಿರ ಟರ್ನ್‌ಟೇಬಲ್ ಇತ್ತು. ಇವನು ಬರೆದು ಹೇಳೋದು, ಅವನು ಹಿಂದೆ ರೆಕಾರ್ಡು ತಿರುಗಿಸೋದು. 1992ರ ಮೇ ತಿಂಗಳಲ್ಲಿ ವಿಲ್ ಗುಂಡೇಟಿಗೆ ಸತ್ತ. ಅದೇ ಗಲಾಟೆಯಲ್ಲಿ ನಾಸ್‌ನ ತಮ್ಮ ಜಬಾರಿಗೂ ಗುಂಡು ಬಿತ್ತು, ಅವನು ಬದುಕಿಕೊಂಡ. ಆಲ್ಬಂನ ರೆಕಾರ್ಡಿಂಗ್ ನಡೆದದ್ದು ಬಹುಪಾಲು ಇದಾದ ಮೇಲೆ. ಹಾಡುಗಳಲ್ಲಿ ವಿಲ್ ಹೆಸರು ಮತ್ತೆ ಮತ್ತೆ ಬರುವುದು ಇದಕ್ಕೇ.

ಕ್ವೀನ್ಸ್‌ಬ್ರಿಜ್ ಅಂದ್ರೆ ಊರಾ, ಬಡಾವಣೆನಾ?

ಸರ್ಕಾರ ಕಟ್ಟಿಸಿದ ವಸತಿ ಸಂಕೀರ್ಣ. ಅಲ್ಲಿಯವರು ‘ಪ್ರಾಜೆಕ್ಟ್ಸ್’ ಅನ್ನುತ್ತಾರೆ. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ, ಕ್ವೀನ್ಸ್‌ಬರೋ ಸೇತುವೆಯ ಪಕ್ಕದಲ್ಲೇ ಇದೆ. 1939ರಲ್ಲಿ ಶುರುವಾಯಿತು. ಆರಂತಸ್ತಿನ ಇಟ್ಟಿಗೆ ಕಟ್ಟಡಗಳ ಸಾಲು, 3 ಸಾವಿರಕ್ಕೂ ಜಾಸ್ತಿ ಮನೆ. ಉತ್ತರ ಅಮೆರಿಕದಲ್ಲೇ ಇಷ್ಟು ದೊಡ್ಡ ಸರ್ಕಾರಿ ವಸತಿ ಇನ್ನೊಂದಿಲ್ಲ. ನದಿಯ ಆಚೆ ದಡದಲ್ಲಿ ಮ್ಯಾನ್‌ಹಾಟನ್‌ನ ಗಗನಚುಂಬಿಗಳು ಕಾಣುತ್ತವೆ. ಕಣ್ಣಳತೆಯಲ್ಲೇ ಇದೆ, ಕೈಗೆ ಸಿಗಲ್ಲ.

1980ರ ದಶಕದ ಕೊನೆಗೆ ಕ್ರ್ಯಾಕ್ ಎಂಬ ಮಾದಕ ವಸ್ತು ಈ ಜಾಗವನ್ನು ಹಾಳು ಮಾಡಿತು. ಆದರೆ ಹಿಪ್ ಹಾಪ್ ಮಟ್ಟಿಗೆ ಇದು ಅಷ್ಟರಲ್ಲೇ ದೊಡ್ಡ ಹೆಸರು. ಮಾರ್ಲಿ ಮಾರ್ಲ್, ಎಂಸಿ ಶಾನ್, ರಾಕ್ಸಾನ್ ಶಾಂಟೆ ಎಲ್ಲ ಇಲ್ಲಿಯವರೇ. ಶಾನ್ ತನ್ನ ಬೀದಿಯನ್ನು ಹೊಗಳಿ ಒಂದು ಹಾಡು ಮಾಡಿದ. ಅದಕ್ಕೆ ಸಿಟ್ಟಾದ, ನ್ಯೂಯಾರ್ಕಿನದೇ ಇನ್ನೊಂದು ಭಾಗವಾದ ಬ್ರಾಂಕ್ಸ್‌ನ ರ‍್ಯಾಪರ್ ಕೆಆರ್‌ಎಸ್-ಒನ್, 1987ರಲ್ಲಿ ‘ದಿ ಬ್ರಿಜ್ ಈಸ್ ಓವರ್’ ಅಂತ ಹಾಡಿ ಕ್ವೀನ್ಸ್‌ಬ್ರಿಜ್‌ನ ಕಥೆ ಮುಗೀತು ಎಂದು ಸಾರಿಬಿಟ್ಟ. ಆ ಅವಮಾನವನ್ನು ಕೇಳಿಸಿಕೊಂಡೇ ಬೆಳೆದ ಪೀಳಿಗೆ ನಾಸ್‌ನದು. ಅವನ ಗೆಲುವು ತಮ್ಮದೂ ಹೌದು ಅಂತ ಆ ಬೀದಿಯವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಹುಡುಗನಿಗೆ ಅವಕಾಶ ಕೊಟ್ಟವರು ಯಾರು?

ಮೊದಲು ಲಾರ್ಜ್ ಪ್ರೊಫೆಸರ್. ಮೇನ್ ಸೋರ್ಸ್ ಗುಂಪಿನ ಪ್ರೊಡ್ಯೂಸರ್, ಅಂದರೆ ಮಾತಿನ ಹಿಂದಿನ ಸಂಗೀತವನ್ನು (ಬೀಟ್) ಕಟ್ಟುವವರು. 1991ರಲ್ಲಿ ಅವರ ಆಲ್ಬಂನ ‘ಲೈವ್ ಅಟ್ ದ ಬಾರ್ಬೆಕ್ಯೂ’ ಹಾಡಿನಲ್ಲಿ ನಾಲ್ಕು ಜನ ರ‍್ಯಾಪ್ ಮಾಡುತ್ತಾರೆ, ಮೊದಲು ಬರುವವನು ನಾಸ್. ಯಾರಿಗೂ ಗೊತ್ತಿಲ್ಲದ ಹುಡುಗ. ಆ ಒಂದು ಚರಣ ಕೇಳಿದವರು ಇವನ್ಯಾರು ಅಂತ ಹುಡುಕತೊಡಗಿದರು.

ಹಾಗೆ ಹುಡುಕಿದವರಲ್ಲಿ ಥರ್ಡ್ ಬೇಸ್ ಗುಂಪಿನ ಎಂಸಿ ಸರ್ಚ್ ಒಬ್ಬರು. ಅವರು ನಾಸ್‌ನ ಡೆಮೊ (ಮಾದರಿ ರೆಕಾರ್ಡಿಂಗ್) ಹಿಡಿದು ಡೆಫ್ ಜ್ಯಾಮ್ ರೆಕಾರ್ಡ್ ಕಂಪನಿಯ ರಸೆಲ್ ಸಿಮನ್ಸ್ ಹತ್ತಿರ ಹೋದರು. ಇವನು ಕೂಲ್ ಜಿ ರ‍್ಯಾಪ್ ಎಂಬ ರ‍್ಯಾಪರ್ ಥರ ಕೇಳಿಸುತ್ತಾನೆ, ಜಿ ರ‍್ಯಾಪ್ ರೆಕಾರ್ಡೇ ಮಾರಾಟ ಆಗಲ್ಲ, ಇವನದ್ದು ಎಲ್ಲಿ ಆಗುತ್ತೆ ಅನ್ನೋ ಅರ್ಥದ ಉತ್ತರ ಬಂತು ಅಂತ ಸರ್ಚ್ ಆಮೇಲೆ ಹೇಳಿಕೊಂಡಿದ್ದಾರೆ. ಅಲ್ಲಿಂದ ಡೆಮೊ ಹೋದದ್ದು ಕೊಲಂಬಿಯಾದ ಫೇತ್ ನ್ಯೂಮನ್ ಕೈಗೆ. ಅವರೂ ಈ ಹುಡುಗನನ್ನೇ ಹುಡುಕುತ್ತಿದ್ದರು. ಕೇಳಿದ ಮೇಲೆ ಬಿಡಲಿಲ್ಲ. ಸರ್ಚ್ ಆಲ್ಬಂನ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್, ಅಂದರೆ ಇಡೀ ಕೆಲಸದ ಉಸ್ತುವಾರಿ ಆದರು. 1992ರಲ್ಲಿ ‘ಜೀಬ್ರಾಹೆಡ್’ ಸಿನಿಮಾದ ಹಾಡುಗಳ ಜತೆ ನಾಸ್‌ನ ‘ಹಾಫ್‌ಟೈಮ್’ ಹಾಡು ಹೊರಬಂತು. ಆಗ ಅವನ ಹೆಸರು ‘ನಾಸ್ಟಿ ನಾಸ್’.

ಡೆಫ್ ಜ್ಯಾಮ್ ಹೆಸರು ನೆನಪಿಟ್ಟುಕೊಳ್ಳಿ, ಕೆಳಗೆ ಮತ್ತೆ ಬರುತ್ತದೆ.

ಒಬ್ಬ ರ‍್ಯಾಪರ್‌ಗೆ ಐದು ಜನ ಪ್ರೊಡ್ಯೂಸರ್ ಯಾಕೆ?

ಈ ಆಲ್ಬಂ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ ಇದು. ಆಗಿನ ರೂಢಿ ಬೇರೆ ಇತ್ತು. ಒಂದು ಗುಂಪು, ಅದಕ್ಕೊಬ್ಬ ಪ್ರೊಡ್ಯೂಸರ್, ಆಲ್ಬಂ ಪೂರ್ತಿ ಅವರದ್ದೇ ಸದ್ದು. ಇಲ್ಲಿ ಹಾಗಲ್ಲ. ಲಾರ್ಜ್ ಪ್ರೊಫೆಸರ್ ಮೂರು ಹಾಡು, ಡಿಜೆ ಪ್ರೀಮಿಯರ್ ಮೂರು ಹಾಡು, ಪೀಟ್ ರಾಕ್ ಒಂದು, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನ ಕ್ಯೂ-ಟಿಪ್ ಒಂದು, ಕ್ವೀನ್ಸ್‌ಬ್ರಿಜ್‌ನ ಹುಡುಗನೇ ಆದ ಎಲ್.ಇ.ಎಸ್. ಒಂದು.

ನ್ಯೂಯಾರ್ಕಿನ ಘಟಾನುಘಟಿಗಳೆಲ್ಲ ಒಬ್ಬ ಹೊಸಬನ ಆಲ್ಬಂಗೆ ಒಟ್ಟಾದದ್ದು ಹೇಗೆ? ಒಂದು ಚರಣ ಕೇಳಿದ್ದರು, ಅಷ್ಟೆ. ಒಬ್ಬರ ಬೀಟ್ ಇನ್ನೊಬ್ಬರ ಕಿವಿಗೆ ಬೀಳುತ್ತಿತ್ತು. ಪೈಪೋಟಿ ತಾನಾಗೇ ಹುಟ್ಟಿತು. ಪೀಟ್ ರಾಕ್ ಮಾಡಿದ್ದನ್ನು ಕೇಳಿದ ಮೇಲೆ ತಾನು ಇನ್ನೂ ಚೆನ್ನಾಗಿ ಮಾಡಬೇಕು ಅನಿಸಿತು ಅಂತ ಪ್ರೀಮಿಯರ್ ಹೇಳಿದ್ದಾರೆ.

ಇಲ್‌ಮ್ಯಾಟಿಕ್ ಅಂದ ಕೂಡಲೇ ‘ಒಂಟಿ ಪ್ರತಿಭೆ’ ಅಂತ ಬರೆಯುವವರು ಜಾಸ್ತಿ. ನಾನು ಒಪ್ಪಲ್ಲ. ಪದಗಳು ಅವನವು, ನಿಜ. ಆದರೆ ತಲೆಮಾರಿನ ಒಳ್ಳೆಯ ಕಿವಿಗಳೆಲ್ಲ ತಮ್ಮ ಪೆಟ್ಟಿಗೆಯಲ್ಲಿದ್ದ ಅತ್ಯುತ್ತಮ ಬೀಟನ್ನು ತೆಗೆದು ಅವನಿಗೆ ಕೊಟ್ಟವು. ಇದಾದ ಮೇಲೆ ಹಲವು ಪ್ರೊಡ್ಯೂಸರ್‌ಗಳನ್ನು ಸೇರಿಸಿ ಒಂದು ಆಲ್ಬಂ ಮಾಡುವುದು ಮಾಮೂಲಿ ಆಯಿತು. ಹಾಗೆ ಮಾಡಿದವುಗಳಲ್ಲಿ ಬಹಳಷ್ಟು ಕಲಸುಮೇಲೋಗರ ಆದವು ಅನ್ನೋದು ಬೇರೆ ಮಾತು.

ಸ್ಯಾಂಪ್ಲಿಂಗ್ ಅಂದ್ರೆ ಬೇರೆಯವರ ಹಾಡು ಕದಿಯೋದು ತಾನೇ?

ಹಳೆಯ ರೆಕಾರ್ಡಿನ ಒಂದು ತುಣುಕನ್ನು ತೆಗೆದು ಹೊಸ ಹಾಡಿನಲ್ಲಿ ಬಳಸುವುದು ಸ್ಯಾಂಪ್ಲಿಂಗ್. ಅನುಮತಿ ಇಲ್ಲದಿದ್ದರೆ ಕದ್ದ ಹಾಗೆಯೇ, ಕಾನೂನು ಹಾಗೇ ಹೇಳುತ್ತದೆ. 1991ರ ಡಿಸೆಂಬರ್‌ನಲ್ಲಿ ಬಿಜ್ ಮಾರ್ಕಿ ಎಂಬ ರ‍್ಯಾಪರ್ ವಿರುದ್ಧ ನ್ಯೂಯಾರ್ಕಿನ ಕೋರ್ಟು ತೀರ್ಪು ಕೊಟ್ಟಿತು. ಅಲ್ಲಿಂದ ಮುಂದೆ ಪ್ರತಿ ತುಣುಕಿಗೂ ಅನುಮತಿ, ದುಡ್ಡು. ಇಲ್‌ಮ್ಯಾಟಿಕ್ ತಯಾರಾದದ್ದು ಈ ತೀರ್ಪಿನ ನಂತರ.

ಈಗ ಕೆಲಸ ಹೇಗೆ ನಡೆಯುತ್ತಿತ್ತು ನೋಡೋಣ. ಪೀಟ್ ರಾಕ್ ಬಳಸುತ್ತಿದ್ದ ಯಂತ್ರ ಎಸ್‌ಪಿ-1200. ಅದರ ನೆನಪಿನಲ್ಲಿ ಹಿಡಿಯುತ್ತಿದ್ದುದು ಒಟ್ಟು ಸುಮಾರು 10 ಸೆಕೆಂಡಿನ ಸದ್ದು. ಡ್ರಮ್ಮು, ಬೇಸು, ಪಿಯಾನೊ ಎಲ್ಲ ಅಷ್ಟರಲ್ಲೇ ಹಿಡಿಸಬೇಕು. ಅದಕ್ಕೆ ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ಎಲ್‌ಪಿ ರೆಕಾರ್ಡನ್ನು 45ರ ವೇಗದಲ್ಲಿ ತಿರುಗಿಸಿ ಒಳಗೆ ತುಂಬೋದು, ಆಮೇಲೆ ಯಂತ್ರದಲ್ಲಿ ನಿಧಾನ ಮಾಡೋದು. ಹೀಗೆ ಮಾಡಿದಾಗ ಸದ್ದು ಸ್ವಲ್ಪ ಒರಟಾಗುತ್ತದೆ, ಧೂಳು ಹಿಡಿದ ಹಾಗೆ ಕೇಳುತ್ತದೆ. ಆ ಕಾಲದ ನ್ಯೂಯಾರ್ಕ್ ಹಿಪ್ ಹಾಪ್‌ನ ರುಚಿಯೇ ಅದು.

‘ದಿ ವರ್ಲ್ಡ್ ಈಸ್ ಯುವರ್ಸ್’ ಹಾಡಿನಲ್ಲಿ ಅಹ್ಮದ್ ಜಮಾಲ್ ನುಡಿಸಿದ ಪಿಯಾನೊದ ಒಂದು ಪುಟ್ಟ ತುಣುಕು ಸುತ್ತುತ್ತಲೇ ಇರುತ್ತದೆ. ಮೂಲ ಹಾಡು ಹಾಕಿ ಕೇಳಿ. ಆ ತುಣುಕು ಬಂದು ಹೋದದ್ದೇ ನಿಮಗೆ ಗೊತ್ತಾಗದೇ ಇರಬಹುದು. ಇದನ್ನು ಹೆಕ್ಕಿ ತೆಗೆದ ಕಿವಿ ಎಂಥದ್ದು ಅಂತ ಆಗ ತಿಳಿಯುತ್ತದೆ. ‘ಒನ್ ಲವ್’ನಲ್ಲಿ ಹೀತ್ ಬ್ರದರ್ಸ್ ಎಂಬ ಜಾಝ್ ಗುಂಪಿನ ತುಣುಕಿದೆ. ಕೊನೆಯ ಹಾಡು ‘ಇಟ್ ಏಂಟ್ ಹಾರ್ಡ್ ಟು ಟೆಲ್’ನಲ್ಲಿ ಮೈಕಲ್ ಜಾಕ್ಸನ್‌ನ ‘ಹ್ಯೂಮನ್ ನೇಚರ್’ ಇದೆ, ಅದನ್ನು ಯಾರು ಬೇಕಾದರೂ ಗುರುತಿಸುತ್ತಾರೆ.

‘ಎನ್.ವೈ. ಸ್ಟೇಟ್ ಆಫ್ ಮೈಂಡ್’ ಹಾಡು ಒಂದೇ ಟೇಕ್‌ನಲ್ಲಿ ಆಯ್ತಂತೆ, ನಿಜವಾ?

ಮೊದಲ ಚರಣದ ಮಟ್ಟಿಗೆ ನಿಜ ಅಂತ ಪ್ರೀಮಿಯರ್ ಹೇಳುತ್ತಾರೆ. ಡಿ ಅಂಡ್ ಡಿ ಸ್ಟುಡಿಯೊ. ಪ್ರೀಮಿಯರ್ ಬೀಟ್ ಕಟ್ಟುತ್ತಿದ್ದರು, ಜೋ ಚೇಂಬರ್ಸ್ ರೆಕಾರ್ಡಿನಿಂದ ತೆಗೆದ ಆ ಕತ್ತಲೆ ಪಿಯಾನೊ. ನಾಸ್ ಪಕ್ಕದಲ್ಲೇ ಕೂತು ಬರೆಯುತ್ತಿದ್ದ. ಮೈಕ್ ಮುಂದೆ ಹೋದ. ಬೀಟ್ ಶುರುವಾಯಿತು. ಎಲ್ಲಿ ಹಿಡಿಯಬೇಕು ಅಂತ ಗೊತ್ತಾಗದೆ, ಹೇಗೆ ಶುರು ಮಾಡೋದೋ ಗೊತ್ತಿಲ್ಲ ಅಂತ ಗೊಣಗಿದ. ಪ್ರೀಮಿಯರ್ ಗಾಜಿನ ಆಚೆಯಿಂದ ಎಣಿಸಿ ಕೈ ತೋರಿಸಿದರು. ಅವನು ನುಗ್ಗಿದ. ಆ ಗೊಣಗಾಟ ಈಗಲೂ ಹಾಡಿನಲ್ಲೇ ಇದೆ, ತೆಗೆಯಲಿಲ್ಲ.

ಆ ಚರಣದಲ್ಲೇ ಒಂದು ಕಡೆ ಗುಂಡಿನ ಕಾಳಗ ನಡೆಯುತ್ತದೆ. ಅವನ ಕೈಯ ಗನ್ನು ಕೈಕೊಡುತ್ತದೆ. ಓಡಿ ಒಂದು ಕಟ್ಟಡದ ಬಾಗಿಲೊಳಗೆ ನುಗ್ಗುತ್ತಾನೆ. ನೋಡಿದರೆ ಒಳಗೆಲ್ಲ ಮಕ್ಕಳು. ಒಂದೇ ಸಾಲು, ಆಮೇಲೆ ಹಾಡು ಮುಂದಕ್ಕೆ ಹೋಗುತ್ತದೆ. ಅದು ತಪ್ಪು ಅಂತಲೂ ಹೇಳಲ್ಲ, ಅಳುವುದೂ ಇಲ್ಲ. ಬೇರೆ ರ‍್ಯಾಪರ್ ಆಗಿದ್ದರೆ ಗುಂಡು ಹಾರಿಸಿದ್ದನ್ನೇ ನಾಲ್ಕು ಸಾಲು ಎಳೆಯುತ್ತಿದ್ದ.

ಸಾಹಿತ್ಯದಲ್ಲಿ ಅಷ್ಟು ವಿಶೇಷ ಏನಿದೆ?

ಎರಡು ಸಂಗತಿ. ಒಂದು ಪ್ರಾಸ. ಗೋವಿಂದ ಪೈ ಪ್ರಾಸ ಬಿಟ್ಟದ್ದೇ ಸುದ್ದಿಯಾದ ಭಾಷೆ ನಮ್ಮದು, ಎರಡನೇ ಅಕ್ಷರದ ಪ್ರಾಸವನ್ನು ಸಾವಿರ ವರ್ಷ ಕಾಪಾಡಿಕೊಂಡು ಬಂದವರು ನಾವು. ಹಾಗಾಗಿ ಇದು ನಮಗೆ ಬೇಗ ಹಿಡಿಸುತ್ತದೆ. ಹಳೆಯ ರ‍್ಯಾಪ್‌ನಲ್ಲಿ ಪ್ರಾಸ ಸಾಲಿನ ಕೊನೆಯಲ್ಲಿ ಮಾತ್ರ ಇರುತ್ತಿತ್ತು. ರಾಕಿಮ್, ಕೂಲ್ ಜಿ ರ‍್ಯಾಪ್ ಇಬ್ಬರೂ ಅದನ್ನು ಸಾಲಿನ ನಡುವೆಗೂ ತಂದರು. ನಾಸ್ ಅವರಿಂದ ಕಲಿತು ಇನ್ನೂ ಮುಂದೆ ಹೋದ. ಎರಡು ಮೂರು ಅಕ್ಷರದ ಗುಂಪನ್ನೇ ಹಿಡಿದು ಸಾಲಿನಿಂದ ಸಾಲಿಗೆ ದಾಟಿಸುತ್ತಾನೆ, ವಾಕ್ಯ ಎಲ್ಲೋ ಮುಗಿದರೆ ಪ್ರಾಸ ಇನ್ನೆಲ್ಲೋ ಬೀಳುತ್ತದೆ. ಇಷ್ಟೆಲ್ಲ ಕಸರತ್ತು ಮಾಡಿದರೂ ಮಾತಾಡಿದ ಹಾಗೇ ಕೇಳುತ್ತದೆ.

ಇನ್ನೊಂದು, ಅವನು ನಿಂತ ಜಾಗ. ಕಥೆಯಲ್ಲಿ ಅವನೂ ಇದ್ದಾನೆ, ಆದರೆ ಹೀರೊ ಅಲ್ಲ. ಕಿಟಕಿಯಲ್ಲಿ ನಿಂತು ನೋಡುವವನು. ‘ಒನ್ ಲವ್’ ಕೇಳಿ. ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಪತ್ರಗಳು. ನಿನಗೆ ಮಗ ಹುಟ್ಟಿದ್ದಾನೆ, ನಿಮ್ಮಮ್ಮ ಕೊರಗುತ್ತಿದ್ದಾರೆ, ಬೀದಿಯಲ್ಲಿ ಹೀಗೀಗಾಯಿತು ಅಂತ ಊರಿನ ಸುದ್ದಿ. ಮೂರನೇ ಚರಣದಲ್ಲಿ ಪತ್ರ ನಿಲ್ಲುತ್ತದೆ. ಬೆಂಚಿನ ಮೇಲೆ 12 ವರ್ಷದ ಒಬ್ಬ ಹುಡುಗ ಸಿಗುತ್ತಾನೆ, ಆಗಲೇ ಡ್ರಗ್ಸ್ ಮಾರುತ್ತಿದ್ದಾನೆ. ನಾಸ್ ಅವನಿಗೆ ಬುದ್ಧಿ ಹೇಳುತ್ತಾನೆ. ಇದನ್ನು ಬಿಡು ಅಂತ ಅಲ್ಲ, ಹುಷಾರಾಗಿ ಮಾಡು ಅಂತ. ಅಷ್ಟೇ ಹೇಳೋಕೆ ಆಗೋದು ಅಂತ ಅವನಿಗೂ ಗೊತ್ತು. ಇಡೀ ಆಲ್ಬಂನಲ್ಲಿ ನನ್ನನ್ನು ಜಾಸ್ತಿ ಕಾಡುವ ಭಾಗ ಇದೇ.

ಬೇರೆ ಯಾರೂ ಹಾಡಿಲ್ವಾ?

ಬೇರೆಯವರಿಗೆ ಸಿಕ್ಕಿರುವ ಚರಣ ಒಂದೇ. ಬ್ರೂಕ್ಲಿನ್‌ನ ಎಜೆಡ್, ‘ಲೈಫ್ಸ್ ಎ ಬಿಚ್’ನಲ್ಲಿ. ಅವನಿಗೂ ಅದೇ ಮೊದಲ ರೆಕಾರ್ಡಿಂಗ್. ಆ ಹಾಡಲ್ಲಿ ಅವನು ನಾಸ್‌ಗಿಂತ ಚೆನ್ನಾಗಿ ಹೇಳಿದ್ದಾನೆ ಅಂತ ವಾದಿಸುವವರಿದ್ದಾರೆ, ನಾನೂ ಆ ಕಡೆಯವನೇ. ಹಾಡು ಮುಗಿಯುವಾಗ ಕೇಳುವ ಕಾರ್ನೆಟ್ ಅಪ್ಪ ಓಲು ದಾರಾ ಅವರದ್ದು. ‘ಬದುಕು ಇಷ್ಟೇ, ನಾಳೆ ಸಾಯ್ತೀವಿ’ ಅನ್ನುವ ಹುಡುಗರ ಹಿಂದೆ ಒಬ್ಬ ಅಪ್ಪ ಸುಮ್ನೆ ಬಂದು ನುಡಿಸಿ ಹೋಗುತ್ತಾರೆ.

ಕವರ್ ಮೇಲಿರೋ ಮಗು ಯಾರು?

ನಾಸ್‌ನೇ. ಸುಮಾರು ಏಳು ವರ್ಷದವನಿದ್ದಾಗಿನ ಫೋಟೊ. ಅದರ ಹಿಂದೆ ಕ್ವೀನ್ಸ್‌ಬ್ರಿಜ್ ಬೀದಿ, ಮುಖದ ಮೇಲೇ ಕಟ್ಟಡಗಳು ಹಾದು ಹೋಗಿವೆ. ಬೀದಿಯ ಫೋಟೊ ತೆಗೆದವರು ಡ್ಯಾನಿ ಕ್ಲಿಂಚ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರ‍್ಯಾಪರ್ ನೊಟೋರಿಯಸ್ ಬಿ.ಐ.ಜಿ. ಆಲ್ಬಂ ಬಂತು, ಅದರ ಮೇಲೂ ಮಗು. ನಕಲು ಹೊಡೆದರು ಅಂತ ವೂ-ಟ್ಯಾಂಗ್ ಗುಂಪಿನ ರೇಕ್ವಾನ್ ಮತ್ತು ಗೋಸ್ಟ್‌ಫೇಸ್ 1995ರ ಆಲ್ಬಂನಲ್ಲಿ ಚುಚ್ಚಿದರು. ಆಮೇಲೆ ಮಕ್ಕಳ ಫೋಟೊ ಹಾಕಿದ ಕವರ್‌ಗಳಿಗೆ ಲೆಕ್ಕ ಇಲ್ಲ.

ಬಂದ ಕೂಡಲೇ ಹಿಟ್ ಆಯ್ತಾ?

ಹೊಗಳಿಕೆ ಬಂತು, ದುಡ್ಡು ಬರಲಿಲ್ಲ. ಅಮೆರಿಕದ ಆಲ್ಬಂ ಮಾರಾಟದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 12ನೇ ಸ್ಥಾನ. ಮೊದಲ ವಾರ ಸುಮಾರು 60 ಸಾವಿರ ಪ್ರತಿ. ಹೊಸಬನಿಗೆ ಕೆಟ್ಟದ್ದೇನಲ್ಲ. ಆದರೆ ಐದು ತಿಂಗಳ ಹಿಂದೆ ಲಾಸ್ ಏಂಜಲಿಸ್ ಕಡೆಯ ಸ್ನೂಪ್ ಡಾಗ್ ಮೊದಲ ಆಲ್ಬಂನಲ್ಲೇ ಒಂದನೇ ಸ್ಥಾನಕ್ಕೆ ಹಾರಿದ್ದ. ದೇಶವೆಲ್ಲ ಡಾಕ್ಟರ್ ಡ್ರೇ ಮಾಡಿದ, ಕಾರಿನಲ್ಲಿ ಹಾಕಿಕೊಂಡು ಹೋಗುವ ಮೆತ್ತಗಿನ ಸಂಗೀತ ಕೇಳುತ್ತಿತ್ತು. ಇದು ಹೆಡ್‌ಫೋನಿನಲ್ಲಿ, ಚಳಿಯಲ್ಲಿ, ರೈಲಲ್ಲಿ ಕೇಳುವ ಸಂಗೀತ.

ಕಳ್ಳ ಪ್ರತಿಗಳ ಕಾಟವೂ ಇತ್ತು. ಆಲ್ಬಂ ಬರುವ ಮೊದಲೇ ಬೂಟ್‌ಲೆಗ್ ಕ್ಯಾಸೆಟ್ ಬೀದಿಗೆ ಬಂದಿತ್ತು. ಒಂದು ಗ್ಯಾರೇಜಿನಲ್ಲಿ 60 ಸಾವಿರ ಕಳ್ಳ ಪ್ರತಿ ಸಿಕ್ಕಿತು ಅಂತ ಸರ್ಚ್ ಹೇಳಿದ್ದಾರೆ. ಬಿಡುಗಡೆಯನ್ನು ಬೇಗ ಮಾಡಬೇಕಾಗಿ ಬಂದದ್ದು ಈ ಭಯಕ್ಕೇ, ಆಲ್ಬಂ ಹತ್ತೇ ಟ್ರ್ಯಾಕಿಗೆ ನಿಂತದ್ದಕ್ಕೆ ಅದೂ ಒಂದು ಕಾರಣ ಅನ್ನುತ್ತಾರೆ. ಹಾಗಿದ್ದರೆ ಆ ಕಳ್ಳರಿಗೊಂದು ಥ್ಯಾಂಕ್ಸ್. ಇನ್ನು ನಾಲ್ಕು ಹಾಡು ಸೇರಿದ್ದರೆ ಇಷ್ಟು ಬಿಗಿಯಾಗಿ ಇರುತ್ತಿರಲಿಲ್ಲ. 5 ಲಕ್ಷ ಪ್ರತಿಗೆ ಸಿಗುವ ‘ಗೋಲ್ಡ್’ ಮನ್ನಣೆ ಮುಟ್ಟಲು 1996 ಬರಬೇಕಾಯಿತು, 10 ಲಕ್ಷದ ‘ಪ್ಲಾಟಿನಂ’ಗೆ 2001.

‘ಐದು ಮೈಕ್’ ಅಂದ್ರೆ ಏನು? ಎಲ್ಲರೂ ಅದನ್ನೇ ಹೇಳ್ತಾರಲ್ಲ.

‘ದಿ ಸೋರ್ಸ್’ ಆಗಿನ ಹಿಪ್ ಹಾಪ್ ಲೋಕದ ದೊಡ್ಡ ಪತ್ರಿಕೆ. ಆಲ್ಬಂಗಳಿಗೆ ಮೈಕ್ ಲೆಕ್ಕದಲ್ಲಿ ಅಂಕ ಕೊಡುತ್ತಿತ್ತು, ಐದಕ್ಕೆ ಐದು ಅಂದರೆ ಕ್ಲಾಸಿಕ್. ಆಗಿನ ಸಂಪಾದಕರು ಐದು ಕೊಡಲೇಬಾರದು ಅಂತ ನಿಯಮ ಮಾಡಿಕೊಂಡಿದ್ದರು. ಇಲ್‌ಮ್ಯಾಟಿಕ್‌ಗಾಗಿ ಅದನ್ನು ಮುರಿದರು. ವಿಮರ್ಶೆ ಬರೆದವರು ಮಿನ್ಯಾ ಓ, ‘ಶಾರ್ಟಿ’ ಎಂಬ ಹೆಸರಿನಲ್ಲಿ. ಮುಂದೆ ರೇಡಿಯೊದಲ್ಲಿ ‘ಮಿಸ್ ಇನ್ಫೊ’ ಅಂತ ಹೆಸರಾದವರು. ಹೊಸ ಹುಡುಗನ ಮೊದಲ ಆಲ್ಬಂಗೆ ಐದಾ ಅಂತ ಗಲಾಟೆ ಆಯಿತು. ಗ್ರ್ಯಾಮಿಯವರು ಈ ಕಡೆ ತಿರುಗಿಯೂ ನೋಡಲಿಲ್ಲ, ಒಂದು ನಾಮನಿರ್ದೇಶನ ಕೂಡ ಇಲ್ಲ.

ಆಮೇಲೆ ಅವನು ಇದನ್ನು ಮೀರಿಸಲೇ ಇಲ್ಲ ಅಂತಾರೆ, ಹೌದಾ?

ಈ ಮಾತು ಅವನ ಬೆನ್ನು ಬಿಡಲೇ ಇಲ್ಲ. 1996ರ ಎರಡನೇ ಆಲ್ಬಂ ನೇರ ಒಂದನೇ ಸ್ಥಾನಕ್ಕೆ ಬಂತು, ಮೊದಲನೆಯದಕ್ಕಿಂತ ಎಷ್ಟೋ ಜಾಸ್ತಿ ಮಾರಾಟವಾಯಿತು. ಆದರೂ ‘ಇಲ್‌ಮ್ಯಾಟಿಕ್ ಥರ ಇಲ್ಲ’ ಅಂತ ಮೂಗು ಮುರಿದವರೇ ಹೆಚ್ಚು. 2001ರಲ್ಲಿ ರ‍್ಯಾಪರ್ ಜೇ-ಝೀ ಜತೆ ಜಗಳ ಜೋರಾದಾಗ ಜೇ-ಝೀ ಚುಚ್ಚಿದ್ದೂ ಇದನ್ನೇ, ಹತ್ತು ವರ್ಷಕ್ಕೆ ಒಂದು ಒಳ್ಳೆಯ ಆಲ್ಬಂ ಅಂತ. ತಮಾಷೆ ಏನಂದರೆ, ಜೇ-ಝೀ ತನ್ನ ಮೊದಲ ಆಲ್ಬಂನಲ್ಲಿ ನಾಸ್‌ನ ದನಿಯನ್ನೇ ಸ್ಯಾಂಪಲ್ ಮಾಡಿದ್ದ. ನಾಸ್ ‘ಈಥರ್’ ಹಾಡಿನಿಂದ ತಿರುಗೇಟು ಕೊಟ್ಟ. 2005ರಲ್ಲಿ ಇಬ್ಬರೂ ವೇದಿಕೆ ಮೇಲೆ ಕೈಕುಲುಕಿದರು. ಮರುವರ್ಷ ನಾಸ್ ಸಹಿ ಹಾಕಿದ್ದು ಡೆಫ್ ಜ್ಯಾಮ್‌ಗೆ. ಒಂದು ಕಾಲಕ್ಕೆ ಬೇಡ ಅಂದಿದ್ದ ಅದೇ ಡೆಫ್ ಜ್ಯಾಮ್, ಆಗ ಅದರ ಅಧ್ಯಕ್ಷ ಜೇ-ಝೀ! ಗ್ರ್ಯಾಮಿ ಸಿಕ್ಕಿದ್ದು 2021ರಲ್ಲಿ, ಬೇರೆ ಆಲ್ಬಂಗೆ.

ನನ್ನನ್ನು ಕೇಳಿದರೆ, 20ನೇ ವಯಸ್ಸಲ್ಲಿ ಬರೆದದ್ದನ್ನು 40ರಲ್ಲೂ ಬರೆಯಬೇಕು ಅನ್ನೋ ಹಟವೇ ತಪ್ಪು. ಆ ಬೀದಿ ಬಿಟ್ಟು ಹೋದವನು ಆ ಬೀದಿಯ ಕಿಟಕಿಯಿಂದ ಮತ್ತೆ ಹೇಗೆ ನೋಡಲು ಸಾಧ್ಯ?

ದೊಡ್ಡ ಸಂಸ್ಥೆಗಳು ಗುರುತಿಸಿದ್ದು ಯಾವಾಗ?

ನಿಧಾನವಾಗಿ. 2013ರಲ್ಲಿ ಹಾರ್ವರ್ಡ್‌ನಲ್ಲಿ ನಾಸ್ ಹೆಸರಿನ ಹಿಪ್ ಹಾಪ್ ಫೆಲೊಶಿಪ್ ಶುರುವಾಯಿತು. 2014ರಲ್ಲಿ ವಾಷಿಂಗ್ಟನ್‌ನ ಕೆನಡಿ ಸೆಂಟರ್‌ನಲ್ಲಿ ಪೂರ್ತಿ ವಾದ್ಯವೃಂದದ ಜತೆ ಹಾಡುಗಳನ್ನು ಹೇಳಿದ. 2021ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಇದನ್ನು ಸೇರಿಸಿತು. ಎಂಟನೇ ಕ್ಲಾಸು ಬಿಟ್ಟ ಹುಡುಗನಿಗೆ ಹಾರ್ವರ್ಡ್ ಅನ್ನೋ ತಲೆಬರಹ ಎಲ್ಲ ಪತ್ರಿಕೆಯಲ್ಲೂ ಬಂದಿರಬೇಕು, ಬಿಡಿ.

ನಮಗೂ ಇದಕ್ಕೂ ಏನಾದರೂ ನಂಟು ಇದೆಯಾ?

ಕರ್ನಾಟಕಕ್ಕೆ ನೇರವಾಗಿ ಇಲ್ಲ. ಭಾರತಕ್ಕೆ ಇದೆ. 2019ರ ‘ಗಲ್ಲಿ ಬಾಯ್’ ಹಿಂದಿ ಸಿನಿಮಾದ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ನಾಸ್. ಅದೇ ವರ್ಷ ಅವನೂ ಜತೆಗಿರುವ ಮಾಸ್ ಅಪೀಲ್ ಎಂಬ ಸಂಗೀತ ಕಂಪನಿ ಭಾರತಕ್ಕೂ ಬಂತು, ಮೊದಲು ಮುಂಬೈಯ ರ‍್ಯಾಪರ್ ಡಿವೈನ್ ಜತೆ ಕೈಜೋಡಿಸಿತು.

ಬೈಗುಳ ಇದೆಯಾ? ಮನೆಯಲ್ಲಿ ಹಾಕಬಹುದಾ?

ಇದೆ, ಧಾರಾಳವಾಗಿ. ಮಕ್ಕಳಿರುವಾಗ ಬೇಡ. ಇನ್ನೊಂದು ಮಾತನ್ನೂ ಹೇಳಬೇಕು. ಇಷ್ಟು ಸೂಕ್ಷ್ಮವಾಗಿ ಬೀದಿಯನ್ನು ನೋಡಿದ ಆಲ್ಬಂನಲ್ಲಿ ಹೆಂಗಸರು ಬಹುತೇಕ ಕಾಣುವುದೇ ಇಲ್ಲ, ಕಂಡಾಗಲೂ ಗೌರವ ಕಡಿಮೆ. ಅಭಿಮಾನಿಗಳು ಇದನ್ನು ಜಾರಿಸಿಬಿಡುತ್ತಾರೆ.

ಅಮೆರಿಕದ ಬೀದಿ ಇಂಗ್ಲಿಷ್ ಅರ್ಥವೇ ಆಗಲ್ಲ, ಹೇಗೆ ಕೇಳಲಿ?

ಮೊದಲ ಸಲ ಅರ್ಥಕ್ಕೆ ಒದ್ದಾಡಬೇಡಿ. ಡ್ರಮ್ಮಿನ ಮೇಲೆ ಮಾತು ಎಲ್ಲಿ ಬೀಳುತ್ತದೆ, ಎಲ್ಲಿ ಬೇಕಂತಲೇ ತಡವಾಗುತ್ತದೆ ಅಷ್ಟನ್ನು ಗಮನಿಸಿ. ಎರಡನೇ ಸಲ ಸಾಹಿತ್ಯ ಎದುರಿಗಿಟ್ಟುಕೊಳ್ಳಿ. ಶುರು ಮಾಡಲು ‘ದಿ ವರ್ಲ್ಡ್ ಈಸ್ ಯುವರ್ಸ್’ ಸುಲಭ, ಪಲ್ಲವಿಯಲ್ಲಿ ಪೀಟ್ ರಾಕ್ ಅವರೇ ದನಿ ಕೊಟ್ಟಿದ್ದಾರೆ. ಕಥೆ ಬೇಕು ಅನ್ನುವವರಿಗೆ ‘ಒನ್ ಲವ್’.

ಹಲವು ಆವೃತ್ತಿ ಇವೆ, ಯಾವುದನ್ನು ಕೇಳಲಿ?

2004ರಲ್ಲಿ ಹತ್ತು ವರ್ಷದ ಆವೃತ್ತಿ ಬಂತು, 2014ರಲ್ಲಿ ಇಪ್ಪತ್ತು ವರ್ಷದ್ದು. ಎರಡನೆಯದರಲ್ಲಿ ಡೆಮೊಗಳಿವೆ. 1993ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ರೇಡಿಯೊದಲ್ಲಿ, ಸ್ಟ್ರೆಚ್ ಮತ್ತು ಬಾಬಿಟೊ ನಡೆಸುತ್ತಿದ್ದ ರಾತ್ರಿ ಕಾರ್ಯಕ್ರಮದಲ್ಲಿ ಅವನು ಹೇಳಿದ್ದೂ ಇದೆ. ಅದೆಲ್ಲ ಆಮೇಲೆ. ಮೊದಲಿಗೆ ಹಳೆಯ ಹತ್ತು ಟ್ರ್ಯಾಕ್ ಸಾಕು. ಶುರುವಿನ ‘ಜೆನೆಸಿಸ್’ ಹಾರಿಸಬೇಡಿ. ರೈಲಿನ ಸದ್ದು, 1983ರ ‘ವೈಲ್ಡ್ ಸ್ಟೈಲ್’ ಸಿನಿಮಾದ ಮಾತು, ಹಿಂದೆ ಎಲ್ಲೋ ಒಂದು ಕ್ಯಾಸೆಟ್ಟಿನಲ್ಲಿ ‘ಲೈವ್ ಅಟ್ ದ ಬಾರ್ಬೆಕ್ಯೂ’ದ ಅದೇ ಚರಣ. ಮತ್ತೆ ದಯವಿಟ್ಟು ಶಫಲ್ ಆಫ್ ಮಾಡಿ.